ಬರಹಗಾರನ ಮನೆವಾರ್ತೆ

ಗ್ರಂಥಕರ್ತನ ಗೃಹಜೀವನವನ್ನು ಕುರಿತು ಲೋಕದಲ್ಲಿ ಒಂದು ರಮ್ಯವಾದ ಕಲ್ಪನೆಯುಂಟು. ಗಾಳಿ ಬೆಳಕುಗಳಿರುವ ಒಂದು ಕೊಠಡಿ. ಕಿಟಕಿಯಾಚೆ ಒಂದು ಮಾವಿನ ಮರ. ಮೇಜಿನ ಮೇಲೆ ಬಿಳಿಯ ಕಾಗದ. ಹೊತ್ತುಹೊತ್ತಿಗೆ ಸದ್ದಿಲ್ಲದೆ ಬಂದು ಪಕ್ಕದಲ್ಲಿ ನಿಲ್ಲುವ ಕಾಫಿಯ ಲೋಟ. ಈ ಚಿತ್ರದಲ್ಲಿ ಎಲ್ಲವೂ ಇದೆ. ಕಾಫಿಯನ್ನು ತಂದವರು ಮಾತ್ರ ಇಲ್ಲ. ಬರಹಗಾರರಾದ ನಾವೇ ಈ ಚಿತ್ರವನ್ನು ಬರೆದವರಾದುದರಿಂದ ಅದರ ಕುಂದುಗಳನ್ನು ತಿಳಿಸುವ ಕೆಲಸವೂ ನಮ್ಮದೇ.

ಬಾನುಲಿಯ ಮುಂದೆ ನಿಂತು ಮನೆಯ ಮಾತನ್ನೆತ್ತುವುದು ಅನುಚಿತವಾಗಲಾರದು. ನಮ್ಮ ನಾಡಿನ ಬಾನುಲಿಯೇ ಒಂದು ಮನೆಯಲ್ಲಿ ಹುಟ್ಟಿತು. 1935ರ ಸೆಪ್ಟೆಂಬರ್ ತಿಂಗಳಲ್ಲಿ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು, ತಮ್ಮ ಸ್ವಂತ ಮನೆಯಲ್ಲಿ 30 ವಾಟ್ ಶಕ್ತಿಯ ಒಂದು ಪ್ರಸಾರಯಂತ್ರವನ್ನಿಟ್ಟು ಈ ಕಾರ್ಯವನ್ನು ಆರಂಭಿಸಿದರು. ಮನೆಯ ನಾಲ್ಕು ಗೋಡೆಗಳ ನಡುವೆ ಆಡಿದ ಮಾತು ಊರಿಗೆಲ್ಲ ಕೇಳಿಸಿತು. ಅಲ್ಲಿ ಪ್ರಸಾರ ನಡೆಯುತ್ತಿದ್ದಷ್ಟು ಹೊತ್ತೂ ಮನೆಮಂದಿ ಪಾತ್ರೆಯ ಸದ್ದಾಗದಂತೆ ಎಚ್ಚರವಹಿಸಿರಬೇಕೆಂದು ನಾವು ಊಹಿಸಬಹುದು. ಒಬ್ಬರ ಮಾತು ಹೊರಗೆ ಕೇಳಬೇಕಾದರೆ ಒಳಗಿನವರು ಮೌನವಾಗಿರಬೇಕು. ಈ ನಿಯಮವು ಬಾನುಲಿಗೆ ಹೇಗೋ ಬರವಣಿಗೆಗೂ ಹಾಗೆಯೇ. ಇಂದಿನ ನಮ್ಮ ವಿಷಯವೆಲ್ಲ ಈ ಮೌನವನ್ನು ಕುರಿತದ್ದು.

ನಾವು ವಾಸಮಾಡುವುದು ಮರಿಯಮ್ಮನಹಳ್ಳಿಯಲ್ಲಿ. ಹೊಸಪೇಟೆಯಿಂದ ಚಿತ್ರದುರ್ಗದ ದಿಕ್ಕಿಗೆ ಹೆದ್ದಾರಿಯಲ್ಲಿ ಸಾಗಿದರೆ ಒಂದು ಗಳಿಗೆಯೊಳಗೆ ಈ ಊರು ಸಿಕ್ಕುತ್ತದೆ. ಒಂದು ಕಡೆಗೆ ತುಂಗಭದ್ರೆಯ ಹಿನ್ನೀರು. ಮತ್ತೊಂದು ಕಡೆಗೆ ಸಂಡೂರಿನ ಕೆಂಪು ಬೆಟ್ಟಗಳು. ವರ್ಣನೆಗೆ ಇದಕ್ಕಿಂತ ಅನುಕೂಲವಾದ ಸ್ಥಳ ಬೇಕಿಲ್ಲ. ಆದರೆ ವರ್ಣನೆಗೆ ಅನುಕೂಲವಾದ ಸ್ಥಳವು ಬರವಣಿಗೆಗೂ ಅನುಕೂಲವಾಗಿರಬೇಕೆಂಬ ನಿಯಮವಿಲ್ಲ. ಬೆಟ್ಟಗಳು ದೂರದಲ್ಲಿ ನಿಂತು ನೋಡುವವರಿಗೆ ಬೆಟ್ಟಗಳು. ಮೇಜನ್ನು ಒರೆಸುವವರಿಗೆ ಅವು ಧೂಳು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ತಡೆಯುವವರೆಗೆ, ಅದಿರಿನ ಲಾರಿಗಳು ಹಗಲಿರುಳೂ ಈ ಸೀಮೆಯ ದಾರಿಗಳನ್ನು ತುಂಬಿಕೊಂಡಿದ್ದ ದಿನಗಳಲ್ಲಿ, ಬೆಳಿಗ್ಗೆ ಬರೆದಿಟ್ಟ ಹಾಳೆಯು ಸಂಜೆಗೆ ಕಾವಿಯನ್ನು ಧರಿಸುತ್ತಿತ್ತು. ಗಣಿಗಳು ಮಿತಿಯೊಳಗೆ ಮತ್ತೆ ತೆರೆದ ಮೇಲೆ ಧೂಳೂ ಮಿತಿಯೊಳಗೆ ಮರಳಿದೆ.

ಬೇಸಗೆಯ ಮಾತು ಬೇರೆಯೇ ಆಗಿದೆ. ಚೈತ್ರ ವೈಶಾಖಗಳಲ್ಲಿ ಮಧ್ಯಾಹ್ನದ ಹೊತ್ತಿಗೆ ಗೋಡೆಯೇ ಒಲೆಯಾಗುತ್ತದೆ. ಪಂಖವನ್ನು ಹಾಕಿದರೆ ಕಾಗದಗಳು ಹಾರುತ್ತವೆ. ನಿಲ್ಲಿಸಿದರೆ ಬೆವರು ಅಕ್ಷರಗಳ ಮೇಲೆ ಬೀಳುತ್ತದೆ. ಕಾಗದವನ್ನು ಬಿಟ್ಟು ಕಂಪ್ಯೂಟರನ್ನು ಆಶ್ರಯಿಸೋಣವೆಂದರೆ, ಒಂದು ಒಳ್ಳೆಯ ವಾಕ್ಯವು ಕ್ರಿಯಾಪದವನ್ನು ಮುಟ್ಟುವ ಗಳಿಗೆಯನ್ನು ವಿದ್ಯುಚ್ಛಕ್ತಿಯು ಹೇಗೋ ಅರಿತುಕೊಂಡು ನಿಂತುಹೋಗುತ್ತದೆ. ಕನ್ನಡದಲ್ಲಿ ಕ್ರಿಯಾಪದವು ವಾಕ್ಯದ ಕೊನೆಗೆ ಬರುವುದರಿಂದ ಈ ನಷ್ಟ ನಮಗೆ ಹೆಚ್ಚು.

ಆದರೆ ಧೂಳನ್ನೂ ಸೆಕೆಯನ್ನೂ ಸಹಿಸಬಹುದು. ಅವು ಎಲ್ಲರಿಗೂ ಸಮಾನ. ಬರಹಗಾರನಿಗೇ ಮೀಸಲಾದ ಉಪದ್ರವವೊಂದುಂಟು. ಅದು, ಅವನು ಕೆಲಸಮಾಡುತ್ತಿರುವಾಗ ಸುಮ್ಮನೆ ಕುಳಿತಿರುವವನಂತೆ ಕಾಣಿಸುವುದು. ಕಮ್ಮಾರನ ಕೆಲಸಕ್ಕೆ ಸದ್ದು ಸಾಕ್ಷಿ. ಅಕ್ಕಸಾಲಿಗನ ಕೆಲಸಕ್ಕೆ ಬೆಂಕಿ ಸಾಕ್ಷಿ. ರೊಟ್ಟಿ ಬಡಿಯುವವರ ಕೆಲಸವನ್ನು ಬೀದಿಯ ಆ ತುದಿಯಿಂದಲೇ ತಿಳಿಯಬಹುದು. ಬರಹಗಾರನ ಕೆಲಸದಲ್ಲಿ ಮುಕ್ಕಾಲು ಪಾಲು, ಗೋಡೆಯನ್ನು ನೋಡುತ್ತ ಕುಳಿತಿರುವುದು. ಇದಕ್ಕೆ ಸಾಕ್ಷಿಯೆಲ್ಲಿ? ಆದುದರಿಂದ, “ಸುಮ್ಮನೆ ಕೂತಿದ್ದೀರಲ್ಲ, ಗಿರಣಿಯ ತನಕ ಹೋಗಿ ಜೋಳ ಬೀಸಿಸಿಕೊಂಡು ಬನ್ನಿ” ಎಂಬ ಅಪ್ಪಣೆ ಬರುತ್ತದೆ. ನಾವು ಪೆನ್ನನ್ನು ಕೈಯಲ್ಲಿ ಹಿಡಿದುಕೊಂಡು ಕುಳಿತರೆ ಅಪ್ಪಣೆ ಸ್ವಲ್ಪ ತಡವಾಗಿ ಬರುತ್ತದೆಂಬುದು ಅನುಭವದಿಂದ ತಿಳಿದ ವಿಷಯ. ಹಲವರು ಬರಹಗಾರರು ಯೋಚಿಸುವಾಗಲೂ ಲೇಖನಿಯನ್ನು ಕೆಳಗಿಡದಿರುವುದಕ್ಕೆ ಸ್ಫೂರ್ತಿಯೊಂದೇ ಕಾರಣವಲ್ಲ.

ಸುಮ್ಮನೆ ಕುಳಿತಿರುವವನೆಂದು ಹೆಸರಾದವನ ಬಾಗಿಲಿಗೆ ಊರೂ ಬರುತ್ತದೆ. ಲಗ್ನಪತ್ರಿಕೆಗೆ ಎರಡು ಸಾಲು ಬೇಕು. ನಿವೃತ್ತರಾದ ಉಪಾಧ್ಯಾಯರಿಗೆ ಒಂದು ಅಭಿನಂದನಪತ್ರ ಬೇಕು. ತೀರಿಕೊಂಡ ಹಿರಿಯರ ಚಿತ್ರದ ಕೆಳಗೆ ಅಚ್ಚುಹಾಕಿಸಲು ಒಂದು ಪದ್ಯ ಬೇಕು. ಅದರಲ್ಲಿ ಮಕ್ಕಳ, ಸೊಸೆಯರ, ಮೊಮ್ಮಕ್ಕಳ ಹೆಸರುಗಳೆಲ್ಲ ಬರಬೇಕು, ಪ್ರಾಸವೂ ಕೂಡಿರಬೇಕು. ನಾಟಕದ ಕರಪತ್ರ, ಕಂಬದ ದೀಪ ಕೆಟ್ಟದ್ದಕ್ಕೆ ಮನವಿ, ಶಾಲೆಗೆ ಹೋಗುವ ಹುಡುಗನಿಗೆ ರಾಜ್ಯೋತ್ಸವದ ಭಾಷಣ, ಇವುಗಳಿಗಂತೂ ಲೆಕ್ಕವಿಲ್ಲ. ಬಂದವರೆಲ್ಲರೂ ಸಜ್ಜನರು; ಎಲ್ಲರದೂ ಒಂದೇ ಮಾತು: “ಎರಡು ಸಾಲು ತಾನೆ?” ಬಡಗಿಯ ಬಳಿಗೆ ಹೋಗಿ “ಎರಡು ಹಲಗೆ ತಾನೆ?” ಎಂದು ಬಿಟ್ಟಿಯಾಗಿ ಬಾಗಿಲು ಮಾಡಿಸಿಕೊಂಡವರನ್ನು ನಾವು ನೋಡಿಲ್ಲ. ಆದರೂ ಇವುಗಳನ್ನು ಬರೆದುಕೊಡುತ್ತೇವೆ. ನಮ್ಮ ಗ್ರಂಥಗಳನ್ನು ಓದದವರು ಈ ಎರಡು ಸಾಲುಗಳನ್ನಂತೂ ಓದುತ್ತಾರೆ. ಗೋಡೆಗೆ ತೂಗುಹಾಕಿಕೊಳ್ಳುವುದೂ ಉಂಟು.

ದೂರವಾಣಿಯು ಜೇಬನ್ನು ಸೇರಿದ ಮೇಲೆ ಊರು ಬಾಗಿಲನ್ನು ತಟ್ಟುವ ಶ್ರಮವೂ ತಪ್ಪಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಣಿ ಕಡಿದು ಕೊಚ್ಚಿಹೋಯಿತು. ಮಾರನೆಯ ಬೆಳಗಿನಿಂದ ದೂರದ ಬಂಧುಗಳೆಲ್ಲರೂ ನಮ್ಮ ಕ್ಷೇಮವನ್ನು ವಿಚಾರಿಸತೊಡಗಿದರು. ನಾವಿರುವುದು ಅಣೆಕಟ್ಟಿನ ಮೇಲಣ ದಿಕ್ಕಿಗೆ, ನೀರು ನುಗ್ಗುವುದು ಕೆಳಗಣ ದಿಕ್ಕಿಗೆ, ನಮಗಿದ್ದ ಚಿಂತೆ ಪ್ರವಾಹದ್ದಲ್ಲ, ಬರಿದಾಗುವ ನೀರಿನದು, ಎಂಬ ಭೂಗೋಳದ ಪಾಠವನ್ನು ದಿನಕ್ಕೆ ಹತ್ತಾರು ಬಾರಿ ಒಪ್ಪಿಸಬೇಕಾಯಿತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕವಾದ ತಡೆಗೋಡೆಯನ್ನು ಇಳಿಸಿ ನದಿಯನ್ನು ನಿಲ್ಲಿಸಲು ತಂತ್ರಜ್ಞರಿಗೆ ಸುಮಾರು ಒಂದು ವಾರ ಹಿಡಿಯಿತು. ಆ ವಾರದಲ್ಲಿ ನಾವು ಒಂದು ಪುಟವನ್ನೂ ಮುಗಿಸಲಿಲ್ಲ. ಕೇಳಿದವರದು ಪ್ರೀತಿಯೇ ಹೊರತು ಉಪದ್ರವವಲ್ಲ. ಆದರೆ ಕೆಟ್ಟ ವಾಕ್ಯಕ್ಕೆ ಕಾರಣವು ಪ್ರೀತಿಯೋ ದ್ವೇಷವೋ ಎಂದು ಓದುಗರು ಕೇಳುವುದಿಲ್ಲ.

ಇನ್ನು ಅಂಚೆಯ ಸಂಗತಿ. ನಮ್ಮ ಊರು ತಾನಿದ್ದಲ್ಲಿಯೇ ಇದ್ದುಕೊಂಡು ವಿಳಾಸವನ್ನು ಮಾತ್ರ ಬದಲಾಯಿಸುತ್ತ ಬಂದಿದೆ. 1953ರ ಅಕ್ಟೋಬರ್ 1ರವರೆಗೆ ನಾವು ಮದರಾಸಿನ ಆಡಳಿತಕ್ಕೆ ಸೇರಿದವರು; ಅಂದಿನಿಂದ ಮೈಸೂರಿನವರು; 1973ರಿಂದ ಕರ್ನಾಟಕದವರು; 2021ರವರೆಗೆ ಬಳ್ಳಾರಿ ಜಿಲ್ಲೆಯವರು, ಆಮೇಲೆ ವಿಜಯನಗರ ಜಿಲ್ಲೆಯವರು. ಒಂದು ಪತ್ರಿಕೆಯವರು ಹಳೆಯ ಜಿಲ್ಲೆಯ ಹೆಸರಿಗೆ ಕಳುಹಿಸುತ್ತಾರೆ, ಇನ್ನೊಂದು ಪತ್ರಿಕೆಯವರು ಹೊಸ ಜಿಲ್ಲೆಯ ಹೆಸರಿಗೆ ಕಳುಹಿಸುತ್ತಾರೆ. ಆದರೆ ತಿರಸ್ಕೃತವಾದ ಲೇಖನವು ಯಾವ ವಿಳಾಸವನ್ನು ಬರೆದರೂ ತಪ್ಪದೆ ಬಂದು ಸೇರುತ್ತದೆ.

ಇವೆಲ್ಲ ಹೇಳಿಕೊಂಡು ನಗಬಹುದಾದ ತೊಂದರೆಗಳು. ಬರಹಗಾರರ ಹೊರಗಿನ ಕಷ್ಟಗಳಿಗಾದರೋ ಸಾಹಿತ್ಯದ ಚರಿತ್ರೆಯಲ್ಲಿ ಗೌರವದ ಸ್ಥಾನವೇ ಉಂಟು. ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬ ಸಂಗತಿಯನ್ನು ನಾವೆಲ್ಲರೂ ಅಭಿಮಾನದಿಂದ ಹೇಳುತ್ತೇವೆ, ಹೇಳಬೇಕಾದದ್ದೇ. ಆದರೆ ಮನೆಯೊಳಗೆ ಬರವಣಿಗೆಯು ಹೇಗೆ ಕೆಡುತ್ತದೆ, ಹೇಗೆ ಉಳಿಯುತ್ತದೆ, ಯಾರ ಖರ್ಚಿನಿಂದ ನಡೆಯುತ್ತದೆ ಎಂಬುದಕ್ಕೆ ಚರಿತ್ರೆಯಿಲ್ಲ. ಅದನ್ನು ತಿಳಿಯಬೇಕಾದರೆ ಅಡಿಗೆಮನೆಯ ಕಡತಗಳನ್ನು ನೋಡಬೇಕು.

ಅಂಥ ಕಡತವೊಂದು ನಮ್ಮ ಕಣ್ಣಿಗೆ ಬಿದ್ದ ಸಂಗತಿಯನ್ನು ಹೇಳುತ್ತೇವೆ. ಒಂದು ದಿನ ಖಾಲಿ ಹಾಳೆಗಾಗಿ ಹುಡುಕುತ್ತ ಹಾಲಿನ ಲೆಕ್ಕದ ಪುಸ್ತಕವನ್ನು ತೆರೆದೆವು. ಹಾಲು, ಇಸ್ತ್ರಿ, ಗ್ಯಾಸಿನ ಸಿಲಿಂಡರು ಬಂದ ದಿನ, ಇವುಗಳ ನಡುವೆ ಒಂದು ಹಾಡಿನ ಸಾಲುಗಳಿದ್ದುವು. ನಮ್ಮ ಮನೆಯಾಕೆಯ ಬರಹ. ಮೂರು ಸಾಲುಗಳಾದ ಮೇಲೆ ಹಾಡು ನಿಂತು, ಅದರ ಕೆಳಗೆ “ಅಕ್ಕಿ 5 ಕಿಲೋ” ಎಂದಿತ್ತು. ಕೇಳಿದ್ದಕ್ಕೆ, ಅದು ತನ್ನ ತಾಯಿ ಹೇಳುತ್ತಿದ್ದ ಬೀಸುವ ಕಲ್ಲಿನ ಪದವೆಂದೂ, ತಾಯಿ ಬಂದಿದ್ದಾಗ ಹೇಳಿಸಿಕೊಂಡು ಬರೆಯುತ್ತಿದ್ದಳೆಂದೂ ತಿಳಿಯಿತು. “ಅಷ್ಟರಲ್ಲಿ ಹಾಲು ಉಕ್ಕಿತು. ಆಮೇಲೆ ಬರೆದರಾಯಿತು ಎಂದುಕೊಂಡೆ” ಎಂದಳು. ಆ ‘ಆಮೇಲೆ’ ಬರಲಿಲ್ಲ. ತಾಯಿ ತೀರಿಕೊಂಡರು. ಮಿಕ್ಕ ಸಾಲುಗಳು ಎಲ್ಲಿಯೂ ಇಲ್ಲ.

ಆ ತಾಯಿಯ ತವರು ನಾರಾಯಣದೇವರಕೆರೆ. ಇಂದು ಆ ಊರನ್ನು ನಕ್ಷೆಯಲ್ಲಿ ಹುಡುಕಿದರೆ ಸಿಕ್ಕದು. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟು ಮುಗಿದು, 1953ರಲ್ಲಿ ನೀರು ನಿಂತಾಗ ಮುಳುಗಿದ ಹಳ್ಳಿಗಳಲ್ಲಿ ಅದೂ ಒಂದು. ಅಲ್ಲಿಯ ಜನ ಗಂಟುಮೂಟೆಗಳನ್ನು ಕಟ್ಟಿಕೊಂಡು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಜಲಾಶಯವು 133 ಟಿ.ಎಂ.ಸಿ. ನೀರನ್ನು ಹಿಡಿಯುವಂತೆ ಕಟ್ಟಿದ್ದು. ಹೂಳು ತುಂಬುತ್ತ ಬಂದು ಈಗ ಸುಮಾರು 105ಕ್ಕೆ ಇಳಿದಿದೆ. ಇದಕ್ಕೆ ಅಳತೆಯುಂಟು, ವರದಿಯುಂಟು. ಊರುಗಳೊಂದಿಗೆ ಹೋದ ಹಾಡುಗಳಿಗೆ ಅಳತೆಯಿಲ್ಲ. ಅಷ್ಟು ದೊಡ್ಡ ನೀರಿನಿಂದ ತಪ್ಪಿಸಿಕೊಂಡು ಒಬ್ಬಾಕೆಯ ನೆನಪಿನಲ್ಲಿ ಎರಡು ತಲೆಮಾರು ಬದುಕಿ ಬಂದ ಹಾಡೊಂದು, ಒಂದು ಲೋಟ ಹಾಲಿನಲ್ಲಿ ಮುಳುಗಿತು.

ಇದನ್ನು ಒಂದು ಮನೆಯ ದುಃಖವೆಂದು ಮಾತ್ರ ಭಾವಿಸಬಾರದು. ಆ ದಿನ ಆ ಮನೆಯಲ್ಲಿ ಬರೆಯುವವರು ಇಬ್ಬರಿದ್ದರು. ಒಬ್ಬರು ಮುಂಗೋಣೆಯಲ್ಲಿ, ಬಾಗಿಲನ್ನು ಮುಂದೆ ಮಾಡಿಕೊಂಡು. ಮತ್ತೊಬ್ಬರು ಒಲೆಯ ಮುಂದೆ, ಹಾಲಿನ ಮೇಲೆ ಒಂದು ಕಣ್ಣಿಟ್ಟುಕೊಂಡು. ಮುಂಗೋಣೆಯ ಬರಹ ಅಚ್ಚಾಯಿತು. ಇದರಲ್ಲಿ ಹೆಚ್ಚಿನ ಬೆಲೆಯುಳ್ಳದ್ದು ಯಾವುದಾಗಿತ್ತೆಂದು ನಿರ್ಣಯಿಸಲು ವಿಮರ್ಶಕರು ಬೇಕಾಗಿಲ್ಲ. ನಮ್ಮಲ್ಲಿ ನಲ್ಲಿಯ ನೀರು ಬರುವ ಹೊತ್ತನ್ನು ಯಾವ ಪಂಚಾಂಗವೂ ಹೇಳದು. ನಟ್ಟಿರುಳಿನಲ್ಲಿ ಬಂದರೆ ಎದ್ದು ಕೊಡಗಳನ್ನು ತುಂಬುವವರೊಬ್ಬರಿರಬೇಕು. ಬರಹಗಾರನು ರಾತ್ರಿ ಎರಡು ಗಂಟೆಯವರೆಗೆ ಎಚ್ಚರವಾಗಿದ್ದರೆ ಅದು ಸಾಧನೆ. ನೀರು ಹಿಡಿಯುವವರು ಎಚ್ಚರವಾಗಿದ್ದರೆ ಅದು ಮನೆಗೆಲಸ. ‘ಸುಮ್ಮನೆ ಕುಳಿತಿದ್ದಾರೆ’ ಎಂಬ ಮಾತಿಗೆ ನಾವು ನೊಂದುಕೊಳ್ಳುತ್ತೇವೆ. ಈ ಮಾತನ್ನು ಹೇಳಿಸಿಕೊಳ್ಳುವುದಕ್ಕೂ ಒಂದು ಭಾಗ್ಯ ಬೇಕು. ಅದನ್ನು ಒಂದು ದಿನವೂ ಹೇಳಿಸಿಕೊಳ್ಳದೆ ಬಾಳಿದವರು ಪ್ರತಿ ಮನೆಯಲ್ಲಿಯೂ ಇದ್ದಾರೆ.

ಕನ್ನಡ ಸಾಹಿತ್ಯದಲ್ಲಿಯೇ ಇದರ ಗುರುತುಗಳಿವೆ. ಕೊಡಗಿನ ಗೌರಮ್ಮನವರು 1912ರಲ್ಲಿ ಹುಟ್ಟಿ 1939ರಲ್ಲಿ, ಇನ್ನೂ ಇಪ್ಪತ್ತೇಳು ವರ್ಷದವರಾಗಿದ್ದಾಗಲೇ ತೀರಿಕೊಂಡರು. ಅಷ್ಟರೊಳಗೆ ಅಷ್ಟು ಒಳ್ಳೆಯ ಕತೆಗಳನ್ನು ಬರೆದ ಆಕೆ, ಅವುಗಳ ಕೆಳಗೆ ಹಾಕುತ್ತಿದ್ದ ಅಂಕಿತ ‘ಮಿಸೆಸ್ ಬಿ. ಟಿ. ಜಿ. ಕೃಷ್ಣ’ ಎಂದು. ಮನೆಯ ಯಜಮಾನರ ಹೆಸರಿನ ಬಾಗಿಲಿನಿಂದಲೇ ಕತೆಯು ಹೊರಗೆ ಬರಬೇಕಾಗಿತ್ತು. ಎಂ. ಕೆ. ಇಂದಿರಾ ಅವರು 1917ರಲ್ಲಿ ಹುಟ್ಟಿದವರು. ಅವರ ಮೊದಲನೆಯ ಕಾದಂಬರಿ ಹೊರಬಂದದ್ದು 1963ರಲ್ಲಿ. ಅದರ ಹೆಸರು ನಮ್ಮ ಹೊಳೆಯದೇ: ‘ತುಂಗಭದ್ರ’. ಮಲೆನಾಡಿನ ಆ ಬಾಳನ್ನು ಅವರು ಬಹುಕಾಲ ಮನಸ್ಸಿನಲ್ಲಿಟ್ಟುಕೊಂಡು ಸಂಸಾರವನ್ನು ನಡೆಸಿದರು. ಅವರಿಗೆ ಬಿಡುವು ಸಿಕ್ಕಿತು, ನಮಗೆ ‘ಫಣಿಯಮ್ಮ’ ಸಿಕ್ಕಿತು. ಬಿಡುವು ಸಿಕ್ಕದೆ ಹೋದವರಿಂದ ನಮಗೆ ಏನು ಸಿಕ್ಕಬೇಕಾಗಿತ್ತೆಂಬುದಕ್ಕೆ ಗ್ರಂಥಸೂಚಿಯಿಲ್ಲ.

ನಮ್ಮ ಮರಿಯಮ್ಮನಹಳ್ಳಿಯೇ ಇನ್ನೊಂದು ಬಗೆಯ ಸಾಕ್ಷ್ಯವನ್ನು ಹೇಳುತ್ತದೆ. ಈ ಊರಿಗೆ ಹೆಸರು ಬಂದದ್ದು ಬರಹಗಾರರಿಂದಲ್ಲ, ರಂಗನಟಿಯರಿಂದ. ಕೆ. ನಾಗರತ್ನಮ್ಮನವರಂಥ ಕಲಾವಿದೆಯರ ಊರೆಂದೇ ನಾಟಕಪ್ರಿಯರು ಇದನ್ನು ಬಲ್ಲರು. ಪೌರಾಣಿಕ ನಾಟಕದ ನಟಿಗೆ ಕಂದ, ವೃತ್ತ, ಮಾತು ಎಲ್ಲವೂ ಕಂಠಸ್ಥವಾಗಿರಬೇಕು. ಅದಕ್ಕಾಗಿ ಪ್ರತ್ಯೇಕವಾದ ಕೊಠಡಿಯನ್ನೂ ಮೇಜನ್ನೂ ಯಾರೂ ಕೊಡಲಿಲ್ಲ. ಮನೆಗೆಲಸ ನಡೆಯುತ್ತಿರುವಾಗಲೇ ಪಾಠವೂ ನಡೆಯಬೇಕು. ಬಾಯಿಯಲ್ಲಿಡಬಹುದಾದ ಕಲೆ ಉಳಿಯಿತು; ಕಾಗದದ ಮೇಲಿಡಬೇಕಾದ ಕಲೆಗೆ ಬಿಡುವು ಬೇಕಾಗಿತ್ತು.

ಈ ಊರಿನವರೇ ಆದ ಮಂಜಮ್ಮ ಜೋಗತಿಯವರ ಕತೆ ಇದಕ್ಕೂ ಮುಂದಿನದು. ನಮಗೆ ಮನೆಯೊಳಗೆ ಏಕಾಂತವಿಲ್ಲವೆಂಬ ದೂರು. ಅವರಿಗೆ ತರುಣವಯಸ್ಸಿನಲ್ಲಿ ಮನೆಯೇ ಇಲ್ಲದಂತಾಯಿತು. ಕಾಳವ್ವ ಜೋಗತಿಯವರಿಂದ ಕಲಿತ ಜೋಗತಿ ನೃತ್ಯವೇ ಅವರಿಗೆ ಆಶ್ರಯವಾಯಿತು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪ್ರಶಸ್ತಿಯನ್ನು ಸ್ವೀಕರಿಸಿದರು. ಪ್ರಶಸ್ತಿಯನ್ನು ಪಡೆಯುವ ಮುನ್ನ ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿಯನ್ನು ನಿವಾಳಿಸಿದ್ದನ್ನು ದೇಶವೆಲ್ಲ ನೋಡಿತು. ದೃಷ್ಟಿ ತೆಗೆಯುವುದು ಮನೆಯ ಹೊಸಿಲಿನಲ್ಲಿ ನಡೆಯುವ ಕೆಲಸ. ಮನೆಯನ್ನು ಕಳೆದುಕೊಂಡವರೇ ಮನೆಯ ಸಂಸ್ಕಾರವನ್ನು ಅಲ್ಲಿಯವರೆಗೆ ಕೊಂಡೊಯ್ದರು.

ಹಾಗಾದರೆ ಮಾಡಬೇಕಾದದ್ದೇನು? ಬರಹಗಾರರೆಲ್ಲ ಲೇಖನಿಯನ್ನು ಕೆಳಗಿಟ್ಟು ಕೊಡಗಳನ್ನು ಹಿಡಿಯಬೇಕೆಂದು ನಾವು ಬೋಧಿಸುವುದಿಲ್ಲ. ಹಿಡಿದರೆ ಕೆಲವರ ವಿಷಯದಲ್ಲಿ ಸಾಹಿತ್ಯಕ್ಕೆ ನಷ್ಟವಿಲ್ಲ. ನಾವು ಹೇಳುವುದು ಬೇರೆ. ಮನೆಯ ಮೌನವು ಗಾಳಿ ಬೆಳಕುಗಳಂತೆ ತಾನಾಗಿ ದೊರೆತದ್ದಲ್ಲ. ಒಬ್ಬರು ದುಡಿದು ಇನ್ನೊಬ್ಬರಿಗೆ ಕೊಟ್ಟದ್ದು. ದುಡ್ಡಿಗೆ ಲೆಕ್ಕವಿರುವಂತೆ ಅದಕ್ಕೂ ಲೆಕ್ಕವಿರಬೇಕು. ಮನೆಯಲ್ಲಿ ಒಬ್ಬರಿಗೆ ಎರಡು ಗಂಟೆಯ ಏಕಾಂತ ದೊರೆತರೆ ಮತ್ತೊಬ್ಬರಿಗೆ ಒಂದು ಗಂಟೆಯಾದರೂ ಸಲ್ಲಬೇಕು. ಆ ಗಂಟೆಯಲ್ಲಿ ಅವರು ಬರೆಯಲಿ, ಓದಲಿ, ಏನನ್ನೂ ಮಾಡದೆ ಗೋಡೆಯನ್ನು ನೋಡುತ್ತಿರಲಿ. “ಸುಮ್ಮನೆ ಕೂತಿದ್ದೀಯಲ್ಲ” ಎಂದು ಯಾರೂ ಕೇಳಕೂಡದು. ಹಾಲನ್ನು ಆ ಹೊತ್ತು ಇನ್ನೊಬ್ಬರು ನೋಡಿಕೊಳ್ಳಲಿ. ಹಾಲು ಉಕ್ಕುವುದನ್ನು ತಡೆಯಲು ಪ್ರತಿಭೆ ಬೇಕಾಗಿಲ್ಲ; ಹತ್ತಿರದಲ್ಲಿ ನಿಂತರೆ ಸಾಕು.

ಎರಡನೆಯ ಮಾತು, ಮನೆಯಲ್ಲಿರುವ ಹಿರಿಯರನ್ನು ಕುರಿತದ್ದು. ನಮ್ಮ ಅಜ್ಜಿಯರೂ ತಾಯಂದಿರೂ ಕಂಠದಲ್ಲಿಟ್ಟುಕೊಂಡಿರುವ ಪದಗಳು, ಒಗಟುಗಳು, ಮುಳುಗಿದ ಊರಿನ ಬೀದಿಗಳ ಹೆಸರುಗಳು, ಇವುಗಳಿಗೆ ಬೇರೆ ಪ್ರತಿಯಿಲ್ಲ. ಧ್ವನಿಯನ್ನು ಹಿಡಿದಿಡುವ ಯಂತ್ರವು ಇಂದು ಎಲ್ಲರ ಜೇಬಿನಲ್ಲಿಯೂ ಇದೆ. ಅಣೆಕಟ್ಟಿನ ವರ್ತಮಾನವನ್ನು ಕೇಳಲು ಅದನ್ನು ಹತ್ತು ಬಾರಿ ಕೈಗೆತ್ತಿಕೊಂಡವರು, ಒಂದು ಸಂಜೆ ಒಂದು ಹಾಡನ್ನು ಕೇಳಿಸಿಕೊಂಡು ಇಡುವುದಕ್ಕೂ ಎತ್ತಿಕೊಳ್ಳಬಹುದು. ಬರೆಯಬಲ್ಲವರು ಮನೆಯಲ್ಲಿದ್ದರೆ ಹಿರಿಯರು ಹೇಳಲಿ, ಅವರು ಬರೆದುಕೊಳ್ಳಲಿ. ಊರಿನವರಿಗೆಲ್ಲ ಎರಡು ಸಾಲು ಬರೆದುಕೊಡುವವರು ಮನೆಯವರಿಗೂ ಎರಡು ಸಾಲು ಬರೆದುಕೊಳ್ಳಲಾರರೆ?

ಹಾಲಿನ ಲೆಕ್ಕದ ಆ ಪುಸ್ತಕವನ್ನು ನಾವು ಈಗ ನಮ್ಮ ಹಸ್ತಪ್ರತಿಗಳ ಜತೆಯಲ್ಲಿ ಬೀರುವಿನಲ್ಲಿಟ್ಟಿದ್ದೇವೆ. ಆ ಮೂರು ಸಾಲುಗಳನ್ನು ಪೂರೈಸಿಕೊಡೋಣವೆಂಬ ಆಸೆ ಒಮ್ಮೊಮ್ಮೆ ಹುಟ್ಟುವುದುಂಟು. ಪ್ರಾಸವನ್ನು ಕೂಡಿಸುವುದು ನಮಗೇನೂ ಕಷ್ಟವಲ್ಲ. ಮನೆಯಾಕೆ ಒಪ್ಪಲಿಲ್ಲ. “ಇದ್ದಷ್ಟೇ ಇರಲಿ, ಇಲ್ಲದ್ದು ಇಲ್ಲವೆಂದು ತಿಳಿಯಲಿ” ಎಂದಳು. ಪುಸ್ತಕವು ಹಾಗೆಯೇ ಇದೆ. ಹಾಲಿನ ಲೆಕ್ಕಕ್ಕೆ ಬೇರೊಂದು ಪುಸ್ತಕವನ್ನು ತಂದದ್ದಾಯಿತು. ಅದರಲ್ಲಿ ಎಡಗಡೆಯ ಪುಟಗಳು ಲೆಕ್ಕಕ್ಕೆ, ಬಲಗಡೆಯ ಪುಟಗಳು ಆಕೆಗೆ, ಎಂದು ಗೊತ್ತುಮಾಡಿಕೊಂಡಿದ್ದೇವೆ. ಬಲಗಡೆಯ ಪುಟಗಳು ಮೆಲ್ಲಮೆಲ್ಲನೆ ತುಂಬುತ್ತಿವೆ. ಅವುಗಳಲ್ಲಿ ಏನಿದೆಯೆಂಬುದನ್ನು ಹೇಳುವ ಅಧಿಕಾರ ನಮಗಿಲ್ಲ. ಹೇಳಬೇಕಾದವರು ತಮ್ಮ ಹೊತ್ತು ಬಂದಾಗ ತಾವೇ ಹೇಳುವರು. ಇಷ್ಟನ್ನು ವಿಜ್ಞಾಪಿಸಿ ವಿರಮಿಸುತ್ತೇವೆ.